ಯಾರೋಸ್ಲಾವ್ಲ್‌ನಲ್ಲಿ ನಾಲ್ಕು ತಿಂಗಳು: ಪೊಝಾರ್ಸ್ಕಿ ಕಾದು ಕೂತದ್ದು ಸರಿಯಾ, ತಪ್ಪಾ?

ಹಳೇಪುಟ:

ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ, ಇಲ್ಲಿ ಹಾಕ್ತಿದ್ದೇನೆ. ರಷ್ಯಾದ ಇತಿಹಾಸ ಅಂದರೆ ನಮ್ಮಲ್ಲಿ ಪೀಟರ್, ಕ್ಯಾಥರೀನ್, ಅಲ್ಲಿಂದ ಒಂದೇ ನೆಗೆತಕ್ಕೆ ಲೆನಿನ್. ಅದಕ್ಕೆಲ್ಲ ಮುಂಚೆ, 1598ರಿಂದ 1613ರವರೆಗೆ, ಆ ದೇಶ ಇದ್ದೂ ಇಲ್ಲದಂತಾಗಿತ್ತು. ಅವರು ಆ ಕಾಲಕ್ಕೆ 'ಸ್ಮೂತಾ' ಅಂತಾರೆ. ಕದಡಿದ ಕಾಲ ಅನ್ನಬಹುದು.

ಗೊತ್ತಿಲ್ಲದವರಿಗೆ ಒಂದೇ ಉಸಿರಲ್ಲಿ ಹೇಳಿಬಿಡ್ತೇನೆ. 1598ರಲ್ಲಿ ಝಾರ್ ಫ್ಯೋದೊರ್ ಮಕ್ಕಳಿಲ್ಲದೆ ಸತ್ತ, ರೂರಿಕ್ ವಂಶದ ಆಳ್ವಿಕೆ ಮುಗಿಯಿತು. ಬೋರಿಸ್ ಗೊದುನೋವ್ ಪಟ್ಟಕ್ಕೆ ಬಂದ. 1601ರಿಂದ ಮೂರು ವರ್ಷ ಭೀಕರ ಬರ. ಸತ್ತುಹೋಗಿದ್ದ ರಾಜಕುಮಾರ ದ್ಮಿತ್ರಿ ನಾನೇ ಅಂತ ಒಬ್ಬ ಬಂದ, 1605ರಲ್ಲಿ ಸಿಂಹಾಸನವನ್ನೂ ಏರಿದ, ಮರುವರ್ಷ ಕೊಲೆಯಾದ. ಆಮೇಲೆ ವಾಸಿಲಿ ಶುಯ್‌ಸ್ಕಿ. ಅವನ ಕಾಲದಲ್ಲಿ ಇನ್ನೊಬ್ಬ ನಕಲಿ ದ್ಮಿತ್ರಿ ಮಾಸ್ಕೋ ಪಕ್ಕದ ತುಶಿನೊದಲ್ಲಿ ಬಿಡಾರ ಹೂಡಿ ತನ್ನದೇ ದರಬಾರು ನಡೆಸಿದ. 1610ರಲ್ಲಿ ಕ್ಲುಶಿನೊ ಕಾಳಗದಲ್ಲಿ ಪೋಲರು ರಷ್ಯನ್ ಸೇನೆಯನ್ನು ಪುಡಿ ಮಾಡಿದ ಮೇಲೆ ಶುಯ್‌ಸ್ಕಿಯನ್ನು ಇಳಿಸಿದರು. ಏಳು ಜನ ಬೋಯಾರರು, ಅಂದರೆ ಅಲ್ಲಿನ ಅತಿ ಮೇಲಿನ ದರ್ಜೆಯ ಸರದಾರರು, ಪೋಲೆಂಡ್ ದೊರೆಯ ಹದಿನೈದು ವರ್ಷದ ಮಗನಿಗೆ ನಿಷ್ಠೆ ಹೇಳಿ ಕ್ರೆಮ್ಲಿನ್ ಬಾಗಿಲನ್ನು ಪೋಲಿಷ್ ದಂಡಿಗೆ ತೆರೆದರು. 1611ರಲ್ಲಿ ಸ್ಮೊಲೆನ್ಸ್ಕ್ ಪೋಲರ ಪಾಲಾಯಿತು, ನೊವ್ಗೊರೊದ್ ಸ್ವೀಡನ್ ಪಾಲಾಯಿತು.

ಈಗ ನಮ್ಮ ಮನುಷ್ಯ. ರಾಜಕುಮಾರ ದ್ಮಿತ್ರಿ ಮಿಖಾಯ್ಲೊವಿಚ್ ಪೊಝಾರ್ಸ್ಕಿ. (ಇಲ್ಲಿ ರಾಜಕುಮಾರ ಅಂದರೆ ದೊರೆಯ ಮಗನಲ್ಲ, ಹುಟ್ಟಿನಿಂದ ಬರುವ ಬಿರುದು.) ರೂರಿಕ್ ರಕ್ತವೇ, ಸ್ತರೊದುಬ್ ಶಾಖೆ. ಆದರೆ ಮನೆತನ ಇಳಿದುಹೋಗಿತ್ತು. ಭಯಂಕರ ಇವಾನನ ಕಾಲದಲ್ಲಿ ಕಝಾನ್ ಕಡೆಗೆ ಗಡಿಪಾರಾದವರ ಪೈಕಿ ಇವರೂ ಒಬ್ಬರು. 1611ರ ಮಾರ್ಚ್‌ನಲ್ಲಿ ಮಾಸ್ಕೋ ದಂಗೆಯೆದ್ದಾಗ ಸ್ರೆತೆಂಕಾ ಬೀದಿಯಲ್ಲಿ ಹೋರಾಡಿ ತಲೆಗೆ ಪೆಟ್ಟು ತಿಂದ. ಮೊದಲು ತ್ರಿನಿಟಿ ಮಠಕ್ಕೆ, ಅಲ್ಲಿಂದ ತನ್ನ ಹಳ್ಳಿಗೆ ಸಾಗಿಸಿದರು. ಅದೇ ವರ್ಷ ಶರತ್ಕಾಲದಲ್ಲಿ ನಿಝ್ನಿ ನೊವ್ಗೊರೊದ್‌ನವರು (ಸ್ವೀಡನ್ ಪಾಲಾದ ನೊವ್ಗೊರೊದ್ ಅಲ್ಲ, ವೋಲ್ಗಾ ದಂಡೆಯ ಬೇರೆ ಊರು) ಬಂದು, ನಾವು ದಂಡು ಕಟ್ಟುತ್ತೇವೆ, ನೀವು ನಾಯಕರಾಗಿ ಅಂತ ಕೇಳಿದರು. ಒಪ್ಪಿದ. 1612ರ ಚಳಿಗಾಲದ ಕೊನೆಗೆ ದಂಡು ಹೊರಟಿತು. ಆದರೆ ನೇರ ಮಾಸ್ಕೋಗೆ ಹೋಗಲಿಲ್ಲ. ವೋಲ್ಗಾ ದಂಡೆ ಹಿಡಿದು ಯಾರೋಸ್ಲಾವ್ಲ್‌ಗೆ ಹೋಗಿ, ಏಪ್ರಿಲ್ ಶುರುವಿನಿಂದ ಜುಲೈ ಕೊನೆಯವರೆಗೆ ಅಲ್ಲೇ ಕೂತ.

ಕ್ರೆಮ್ಲಿನ್ ಒಳಗೆ ಶತ್ರು, ಇವನು ಅಲ್ಲಿ ನಾಲ್ಕು ತಿಂಗಳು. ನನ್ನ ಅಭಿಪ್ರಾಯ: ಅವನು ನಿಜವಾಗಿ ಗೆದ್ದದ್ದು ಆ ನಾಲ್ಕು ತಿಂಗಳಲ್ಲೇ, ಆಗಸ್ಟಿನ ಕಾಳಗದಲ್ಲಲ್ಲ. ಒಪ್ಪದವರು ಬನ್ನಿ.

ಚದುರಂಗ64:

ಒಪ್ಪಲ್ಲ. ಗೆದ್ದ ಮೇಲೆ ಮಾಡಿದ್ದೆಲ್ಲ ಜಾಣತನವಾಗಿ ಕಾಣುತ್ತೆ, ಅಷ್ಟೇ.

ಅವನ ಕಾಲದವರೇ ಬೈದಿದ್ದಾರೆ ಸ್ವಾಮಿ. ತ್ರಿನಿಟಿ ಮಠದ ಉಗ್ರಾಣಾಧಿಕಾರಿ ಅವ್ರಾಮಿ ಪಾಲಿತ್ಸಿನ್ ಯಾರೋಸ್ಲಾವ್ಲ್‌ಗೇ ಹೋಗಿ ನೋಡಿ ಬಂದವನು. ಅಲ್ಲಿ ಔತಣ ನಡೀತಿತ್ತು, ಹೊಗಳುಭಟ್ಟರು ತುಂಬಿದ್ದರು ಅಂತ ಬರೆದಿಟ್ಟಿದ್ದಾನೆ. ಬೇಗ ಬನ್ನಿ ಬೇಗ ಬನ್ನಿ ಅಂತ ಮಠದಿಂದ ಓಲೆ ಮೇಲೆ ಓಲೆ. ಫೆಬ್ರವರಿಯಲ್ಲೇ ಧರ್ಮಗುರು ಹರ್ಮೊಗೆನ್ ಕ್ರೆಮ್ಲಿನ್‌ನ ಸೆರೆಯಲ್ಲಿ ಹಸಿವಿನಿಂದ ಸತ್ತಿದ್ದ. ಇನ್ನೇನು ಸೂಚನೆ ಬೇಕಿತ್ತು? ಜುಲೈ ಕೊನೆಗೆ ದಂಡು ಹೊರಟ ಮೇಲೂ ಇವನು ದಾರಿ ಬಿಟ್ಟು ಹಿರಿಯರ ಗೋರಿಗೆ ಕೈಮುಗಿಯೋಕೆ ಸುಜ್ದಾಲ್‌ಗೆ ಹೋದ!

ಫಲ ಏನು? ಮಾಸ್ಕೋ ಮುಟ್ಟಿದ್ದು ಆಗಸ್ಟ್ 20ಕ್ಕೆ. ಎರಡೇ ದಿನಕ್ಕೆ ಪೋಲಿಷ್ ಸೇನಾನಿ ಖೊದ್ಕೆವಿಚ್ ಒಳಗಿನವರಿಗೆ ದವಸದ ಗಾಡಿಗಳ ಸಮೇತ ಬಂದಿಳಿದ. ಜೂನ್‌ನಲ್ಲೇ ಬಂದಿದ್ದರೆ ಆ ಕಾಳಗವೇ ಬೇಕಿರಲಿಲ್ಲವೇನೋ. ಕೂದಲೆಳೆಯಲ್ಲಿ ಪಾರಾದವನನ್ನು ದೂರದೃಷ್ಟಿಯವನು ಅಂತೀರಿ.

ಲೆಕ್ಕಿಗ:

ನನ್ನದು ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ, ಹಾಗಾಗಿ ನಾನು ದುಡ್ಡಿನ ಕಡೆಯಿಂದ ನೋಡ್ತೀನಿ. ಕತ್ತಿ ಆಮೇಲೆ.

ನಿಝ್ನಿಯ ಕುಝ್ಮಾ ಮಿನಿನ್ ಮಾಂಸದ ವ್ಯಾಪಾರಿ, ಊರಿನ ಚುನಾಯಿತ ಹಿರಿಯ. ಪೊಝಾರ್ಸ್ಕಿ ಹಾಕಿದ ಮೊದಲ ಷರತ್ತೇ ಇದು: ಖಜಾನೆ ನೋಡಿಕೊಳ್ಳೋಕೆ ನಿಮ್ಮೂರಿನವನೇ ಒಬ್ಬ ಬೇಕು, ಮಿನಿನ್ ಇದ್ದಾನಲ್ಲ, ಅವನಾಗಲಿ. ಮಿನಿನ್ ಏನು ಕಡಿಮೆಯವನಾ! ನನ್ನ ಮಾತಿಗೆ ಎಲ್ಲರೂ ಬದ್ಧ, ಕೊಡಬೇಕಾದ ಪಾಲು ಕೊಟ್ಟೇ ತೀರ್ತೇವೆ ಅಂತ ಊರವರ ಕೈಲಿ ಪತ್ರ ಬರೆಸಿ ಸಹಿ ಹಾಕಿಸಿದ. ಸಹಿ ಬಿದ್ದ ಕೂಡಲೇ ಆ ಪತ್ರವನ್ನು ಪೊಝಾರ್ಸ್ಕಿ ಹತ್ತಿರ ಕಳಿಸಿಬಿಟ್ಟ. ಯಾಕೆ? ಊರಲ್ಲೇ ಇದ್ದರೆ ಮನಸ್ಸು ಬದಲಾದವರು ವಾಪಸ್ ಇಸ್ಕೋತಾರೆ ಅಂತ! ವಸೂಲಿ ಮಾಡಿ ಗೊತ್ತಿರುವ ಮನುಷ್ಯ.

ಆಸ್ತಿಯ ಐದರಲ್ಲೊಂದು ಪಾಲು ಎತ್ತಿದರು. ಸಾಲದ್ದಕ್ಕೆ ಸ್ಟ್ರೊಗಾನೋವ್ ವರ್ತಕ ಮನೆತನದವರಿಂದ ಸಾವಿರಾರು ರೂಬಲ್ ಸಾಲ. ಸೈನಿಕರಿಗೆ ದರ್ಜೆ ನೋಡಿ 30ರಿಂದ 50 ರೂಬಲ್ ಸಂಬಳ. ದಂಡಿನ ಬೆನ್ನೆಲುಬು ಯಾರು ಗೊತ್ತಾ? ಸ್ಮೊಲೆನ್ಸ್ಕ್ ಸೀಮೆಯ ಸಣ್ಣ ಜಮೀನ್ದಾರರು. ಜಮೀನು ಪೋಲರ ಕೈಗೆ ಹೋಗಿ ಬರಿಗೈಯಲ್ಲಿ ಅಲೆಯುತ್ತಿದ್ದವರು. ಅಂಥವರಿಗೆ ದೇಶಭಕ್ತಿ ಇಲ್ಲ ಅಂತಲ್ಲ, ಆದರೆ ಕುದುರೆಗೆ ಮೇವೂ ಬೇಕಲ್ಲ. ಅವತ್ತು ಮಾಸ್ಕೋ ಸುತ್ತ ಇದ್ದ ದಂಡುಗಳಲ್ಲಿ ಹೊತ್ತಿಗೆ ಸರಿಯಾಗಿ ಸಂಬಳ ಕೊಡುತ್ತಿದ್ದದ್ದು ಇದೊಂದೇ. ಯಾರೋಸ್ಲಾವ್ಲ್ ಆರಿಸಿಕೊಂಡದ್ದೂ ಅದಕ್ಕೇ: ಉತ್ತರದ ವ್ಯಾಪಾರದ ದಾರಿ, ಅರ್ಖಾಂಗೆಲ್ಸ್ಕ್ ಬಂದರಿನಿಂದ ಬರುವ ಸರಕೆಲ್ಲ ಆ ಊರನ್ನು ಹಾಯ್ದೇ ಬರಬೇಕು. ಅಲ್ಲಿ ಟಂಕಸಾಲೆ ಹಾಕಿ ನಾಣ್ಯ ಕೂಡ ಹೊಡೆಸಿದರು. ನಾಣ್ಯದ ಮೇಲೆ ಹೆಸರು ಯಾರದ್ದು? ಹದಿನಾಲ್ಕು ವರ್ಷದ ಹಿಂದೆ ಸತ್ತ ಫ್ಯೋದೊರ್‌ದು! ಯಾರೂ ಜಗಳ ತೆಗೆಯಲಾಗದ ಕೊನೇ ಹೆಸರು ಅದೇ ಆಗಿತ್ತು. ಇದನ್ನು ಓದಿದಾಗ ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ.

ಜವಾರಿಮಂದಿ:

ಚದುರಂಗ ಅವರ, ಜೂನ್‌ದಾಗ ಹೋಗಬೇಕಿತ್ತು ಅಂತೀರಿ. ಎಲ್ಲಿಗ್ರೀ ಹೋಗೂದು? ಮಾಸ್ಕೋ ಹೊರಗ ಆಗಲೇ ಒಂದು ದಂಡು ಕುಂತಿತ್ತಲ್ಲ, ಮೊದಲನೇ ಜನಸೇನೆ. ಅದರ ಹಣೇಬರಹ ಏನಾತು ಅದನ್ನೂ ಹೇಳ್ರಿ.

ಅದಕ್ಕ ಮೂರು ಮಂದಿ ಯಜಮಾನ್ರು. ರ್ಯಾಝಾನ್‌ದ ಪ್ರೊಕೋಪಿ ಲ್ಯಾಪುನೋವ್, ರಾಜಕುಮಾರ ದ್ಮಿತ್ರಿ ತ್ರುಬೆತ್ಸ್ಕೋಯ್, ಮತ್ತ ಕೊಸಾಕರ, ಅಂದ್ರ ಗಡಿನಾಡಿನ ಸ್ವತಂತ್ರ ಯೋಧ ಮಂದಿಯ, ಮುಖಂಡ ಇವಾನ್ ಝರುತ್ಸ್ಕಿ. ಒಳಗಿದ್ದ ಪೋಲಿಷ್ ದಂಡಿನ ಮುಖ್ಯಸ್ಥ ಗೊನ್ಸೆವ್ಸ್ಕಿ ಒಂದು ಕಳ್ಳ ಕಾಗದ ಬರೆಸಿದ. ಕೊಸಾಕರನ್ನ ಕಂಡಲ್ಲಿ ಕಡೀರಿ ಅಂತ ಲ್ಯಾಪುನೋವ್‌ನ ಹೆಸರಿನ್ಯಾಗ, ಅವನ ಸಹಿ ತದ್ರೂಪ ಮಾಡಿ. ಕಾಗದ ಕೊಸಾಕರ ಕೈಗೆ ಬಿತ್ತು. ಅವನ್ನ ತಮ್ಮ ಕೂಟಕ್ಕ ಕರದ್ರು, ಅಲ್ಲೇ ಕಡದು ಹಾಕಿದ್ರು. 1611ರ ಜುಲೈ. ಜಮೀನ್ದಾರ ಮಂದಿ ಎಲ್ಲಾ ಗಂಟು ಕಟ್ಟಿ ಮನಿಗೆ ಹೋದ್ರು. ಉಳದವರು ಕೊಸಾಕರು.

ಇಷ್ಟಕ್ಕ ಮುಗೀಲಿಲ್ಲ. 1612ರ ಮಾರ್ಚ್‌ನ್ಯಾಗ ಆ ಬಿಡಾರ ಪ್ಸ್ಕೋವ್‌ದಾಗ ಎದ್ದಿದ್ದ ಮೂರನೇ ನಕಲಿ ದ್ಮಿತ್ರಿಗೆ ಆಣಿ ಮಾಡ್ತು. ಮೂರನೇದವ ರೀ! ಮೊದಲನೇದವನ ಹೆಣ ಮಾಸ್ಕೋ ಮಂದಿ ಕಣ್ಣಾರೆ ನೋಡಿದ್ರು. ಅಂಥಾ ಬಿಡಾರಕ್ಕ ಪೊಝಾರ್ಸ್ಕಿ ಹಾರ್ಕೊಂಡು ಹೋಗಬೇಕಿತ್ತೇನು?

ಹಳೇಪುಟ:

ಜವಾರಿಮಂದಿ, ನಾನು ಹೇಳಬೇಕಿದ್ದನ್ನು ನೀವೇ ಹೇಳಿದಿರಿ. ಒಂದು ಸೇರಿಸುತ್ತೇನೆ. ಅಪಾಯ ಯಾರೋಸ್ಲಾವ್ಲ್‌ಗೂ ಬಂತು. ಝರುತ್ಸ್ಕಿ ಕಳಿಸಿದ ಆಳುಗಳು ಊರೊಳಗೆ ಸೇರಿಕೊಂಡಿದ್ದರು. ಫಿರಂಗಿಗಳನ್ನು ನೋಡಲು ಬಂದಿದ್ದ ಪೊಝಾರ್ಸ್ಕಿ ಜನರ ನೂಕುನುಗ್ಗಲಲ್ಲಿ ಸಿಕ್ಕಿಕೊಂಡ. ಪಕ್ಕದಲ್ಲಿ ರೊಮಾನ್ ಅನ್ನೋ ಕೊಸಾಕ ಅವನ ತೋಳು ಹಿಡಿದು ನಡೆಸುತ್ತಿದ್ದ. ಸ್ತೆಪಾನ್ ಅನ್ನುವವನು ಚಾಕು ಬೀಸಿದ. ಏಟು ತಪ್ಪಿ ರೊಮಾನನ ತೊಡೆಗೆ ಬಿತ್ತು. ಅವನು ನರಳುತ್ತಾ ಕುಸಿದಾಗಲೂ ಪೊಝಾರ್ಸ್ಕಿಗೆ ಇದು ತನಗೆ ಇಟ್ಟ ಏಟು ಅಂತ ಹೊಳೆಯಲಿಲ್ಲ, ಗದ್ದಲದಲ್ಲಿ ಏನೋ ತಗುಲಿದೆ ಅಂದುಕೊಂಡು ಮುಂದೆ ಹೋಗುತ್ತಿದ್ದ. ಜನರೇ ತಡೆದು, ದೊರೆ, ಕೊಲ್ಲೋಕೆ ಬಂದದ್ದು ನಿಮ್ಮನ್ನು ಅಂತ ಕೂಗಿದರು. ಹಿಡಿದವರನ್ನು ಅವನು ಕೊಲ್ಲಿಸಲಿಲ್ಲ. ಕೆಲವರನ್ನು ಸಾಕ್ಷಿಗೆಂದು ಮಾಸ್ಕೋವರೆಗೆ ಕರೆದೊಯ್ದು, ಆಮೇಲೆ ಬಿಟ್ಟ.

ಇನ್ನೊಂದು ಕಡೆ ಸ್ವೀಡನ್. ಬೆನ್ನಿಗೆ ನೊವ್ಗೊರೊದ್‌ನಲ್ಲಿ ಅವರ ದಂಡು ಕೂತಿತ್ತು. ನಿಮ್ಮ ರಾಜಕುಮಾರ ಕಾರ್ಲ್ ಫಿಲಿಪ್ ನಮ್ಮ ಧರ್ಮಕ್ಕೆ ಬರುವುದಾದರೆ ಝಾರ್ ಮಾಡಿಕೊಳ್ಳುತ್ತೇವೆ ಅಂತ ಮಾತುಕತೆ ಶುರು ಮಾಡಿದ. ಮನಸ್ಸಿನಿಂದಲೋ, ಕಾಲ ತಳ್ಳುವುದಕ್ಕೋ, ಆ ಬೇಸಿಗೆ ಪೂರ್ತಿ ಸ್ವೀಡನ್‌ನವರು ಕದಲಲಿಲ್ಲ. ಮೇಲಿಂದ ಊರಿಗೆ ಸಾಂಕ್ರಾಮಿಕ ರೋಗ ಬೇರೆ. ಔತಣ ಉಣ್ಣುತ್ತಾ ಕೂತಿದ್ದ ಅನ್ನೋದು ಅನ್ಯಾಯ.

ವೋಲ್ಗಾದಂಡೆ:

ಎಳೆ ನೋಡಿ ಖುಷಿಯಾಯ್ತು. ನಾನು ನಿಝ್ನಿ ನೊವ್ಗೊರೊದ್‌ನಲ್ಲಿ ಎಂಬಿಬಿಎಸ್ ಮಾಡಿದವನು. ಆರು ಚಳಿಗಾಲ ಕಳೆದಿದ್ದೇನೆ, ಮೊದಲನೆಯದರಲ್ಲೇ ಕಿವಿ ಉದುರಿ ಹೋಗುತ್ತೆ ಅಂದುಕೊಂಡಿದ್ದೆ. ಅಲ್ಲಿ ಊರ ನಡುವಿನ ಚೌಕದ ಹೆಸರೇ ಮಿನಿನ್ ಮತ್ತು ಪೊಝಾರ್ಸ್ಕಿ ಚೌಕ. ಕೋಟೆಯ ಕೆಳಗೆ ಸ್ನಾನಿಕ ಯೋಹಾನನ ಚರ್ಚು, ಅದರ ಮೆಟ್ಟಿಲ ಮೇಲೆ ನಿಂತೇ ಮಿನಿನ್ ಜನರನ್ನು ಕರೆದದ್ದು ಅಂತ ಪ್ರತೀತಿ. ಪಕ್ಕದಲ್ಲೇ ಮಾಸ್ಕೋದ ಕೆಂಪು ಚೌಕದ ಪ್ರತಿಮೆಯ ನಕಲು, 2005ರಲ್ಲಿ ನಿಲ್ಲಿಸಿದ್ದು. ಹಾಸ್ಟೆಲಿಗೆ ಹೊಸಬರು ಬಂದಾಗಲೆಲ್ಲ ಅಲ್ಲಿ ಫೋಟೋ ತೆಗೆಸೋದು ನಮ್ಮ ಸಂಪ್ರದಾಯವಾಗಿತ್ತು. ಯಾರಿದು ಅಂತ ನಾನು ವಿಚಾರಿಸಿದ್ದು ನಾಲ್ಕನೇ ವರ್ಷದಲ್ಲಿ, ನಾಚಿಕೆಗೇಡು.

ನನಗೆ ಇಷ್ಟವಾದ ಸಂಗತಿ ಬೇರೆ. 1612ರ ಏಪ್ರಿಲ್‌ನಲ್ಲಿ ಯಾರೋಸ್ಲಾವ್ಲ್‌ನಿಂದ ಊರೂರಿಗೆ ಓಲೆ ಹೋಯಿತು: ಜನ ಕಳಿಸಿ, ದುಡ್ಡು ಕಳಿಸಿ, ಎಲ್ಲರೂ ಕೂಡಿ ಝಾರ್‌ನನ್ನು ಆರಿಸೋಣ ಅಂತ. ಓಲೆ ಹೊರಡಿಸಿದ ನಾಯಕ ಪೊಝಾರ್ಸ್ಕಿ. ಅವನ ಸಹಿ ಎಷ್ಟನೆಯದು? ಹತ್ತನೆಯದು. ದಂಡಿಗೆ ಆಗಷ್ಟೇ ಬಂದು ಸೇರಿದ್ದ ದೊಡ್ಡ ಮನೆತನದವರು ಮೇಲೆ, ಇವನು ಕೆಳಗೆ. ಹದಿನೈದನೆಯದು ಮಿನಿನ್‌ದು. ಅದೂ ಮಿನಿನ್ ಹಾಕಿದ್ದಲ್ಲ. ಸಮಸ್ತ ನಾಡು ಆರಿಸಿದ ಕುಝ್ಮಾ ಮಿನಿನನ ಪರವಾಗಿ ರಾಜಕುಮಾರ ದ್ಮಿತ್ರಿ ಪೊಝಾರ್ಸ್ಕಿ ರುಜು ಮಾಡಿದ್ದಾನೆ ಅಂತ ಅಲ್ಲೇ ಬರೆದಿದೆ. ಮಾಂಸದ ವ್ಯಾಪಾರಿಯ ಹೆಬ್ಬೆಟ್ಟಿನ ಜಾಗದಲ್ಲಿ ರೂರಿಕ್ ವಂಶದವನ ಕೈಬರಹ.

ಚದುರಂಗ64:

ಸಹಿ ವಿಷಯ ಗೊತ್ತಿರಲಿಲ್ಲ, ಚೆನ್ನಾಗಿದೆ. ದುಡ್ಡಿನ ವಾದಕ್ಕೆ ಅರ್ಧ ತಲೆಬಾಗ್ತೀನಿ. ಆದರೆ ಆಗಸ್ಟಿನ ಕಾಳಗವನ್ನು ಹಳೇಪುಟ ಹಾಗೆ ಬದಿಗೆ ಸರಿಸೋದು ಸರಿಯಲ್ಲ. (ದಿನಾಂಕ ಎಲ್ಲ ಹಳೇ ಪಂಚಾಂಗದ್ದು, ಅಂದರೆ ಜೂಲಿಯನ್.)

ಇಪ್ಪತ್ತಕ್ಕೆ ಬಂದಾಗ ತ್ರುಬೆತ್ಸ್ಕೋಯ್ ಕರೆದ, ನಮ್ಮ ಬಿಡಾರದಲ್ಲೇ ಇಳಿಯಿರಿ ಅಂತ. ಕೊಸಾಕರ ಜೊತೆ ಇರಲ್ಲ ಅಂತ ಪೊಝಾರ್ಸ್ಕಿ ಅರ್ಬಾತ್ ಬಾಗಿಲ ಕಡೆ ಬೇರೆ ಬೀಡು ಬಿಟ್ಟ. ಅಲ್ಲಿಗೆ ಒಂದೇ ಊರಿಗೆ ಎರಡು ದಂಡು, ನಡುವೆ ಮಾಸ್ಕ್ವಾ ನದಿ. ಇಪ್ಪತ್ತೆರಡಕ್ಕೆ ಖೊದ್ಕೆವಿಚ್ ನದಿ ದಾಟಿ ಪೊಝಾರ್ಸ್ಕಿಯ ಮೇಲೆ ಬಿದ್ದ. ಅದೇ ಹೊತ್ತಿಗೆ ಬೆನ್ನ ಹಿಂದಿಂದ ಕ್ರೆಮ್ಲಿನ್‌ನವರೂ ನುಗ್ಗಿದರು. ಆಚೆ ದಡದಲ್ಲಿ ತ್ರುಬೆತ್ಸ್ಕೋಯ್ ನಿಂತು ನೋಡಿದ. ಯಾರೋಸ್ಲಾವ್ಲ್‌ನಿಂದ ಸಾಹುಕಾರರು ಬಂದಿದ್ದಾರಲ್ಲ, ಅವರೇ ಸೇನಾನಿಯನ್ನು ನೋಡಿಕೊಳ್ಳಲಿ ಅಂತ ಕೊಸಾಕರು ಅಂದದ್ದು ಕಾಲಾನುಕ್ರಮಣಿಕೆಯಲ್ಲೇ ಇದೆ. ಕೊನೆಗೆ ಪೊಝಾರ್ಸ್ಕಿ ಅವನಿಗೆ ಮೊದಲೇ ಎರವಲು ಕೊಟ್ಟಿದ್ದ ಐದು ತುಕಡಿ ಕುದುರೆ ಸವಾರರು, ಜೊತೆಗೆ ನಾಲ್ಕು ಜನ ಕೊಸಾಕ್ ಮುಖಂಡರು, ಯಜಮಾನನ ಅಪ್ಪಣೆಗೆ ಕಾಯದೆ ನದಿಗೆ ಇಳಿದರು. ಆವತ್ತು ಉಳಿದದ್ದು ಅವರಿಂದ.

ಇಪ್ಪತ್ನಾಲ್ಕಕ್ಕೆ ಇನ್ನೂ ಕಷ್ಟ. ನದಿಯ ದಕ್ಷಿಣ ದಡದಲ್ಲಿ ರಷ್ಯನ್ನರು ಹಿಂದೆ ಸರಿದರು, ಕಾಲಾಳುಗಳು ಗುಂಡಿಗಳಲ್ಲಿ, ತುರಚೆ ಪೊದೆಗಳಲ್ಲಿ ಮೈ ಚಾಚಿ ಮಲಗಿ ಗಾಡಿಗಳ ದಾರಿ ಕಾದರು. ಬಿಸಿಲಿಗೆ ತುರಚೆ ಸೊಪ್ಪಿನಲ್ಲಿ ಮಲಗುವುದು ಯೋಚನೆ ಮಾಡಿ! ಸಂಜೆ ಹೊತ್ತಿಗೆ ಮಿನಿನ್, ಹೌದು, ಅದೇ ಮಾಂಸದ ವ್ಯಾಪಾರಿ, ಪೊಝಾರ್ಸ್ಕಿ ಹತ್ತಿರ ಜನ ಕೇಳಿ ಇಸ್ಕೊಂಡ. ಮೂರು ತುಕಡಿ ಸವಾರರು, ಪಕ್ಷ ಬದಲಿಸಿ ಬಂದಿದ್ದ ಖ್ಮೆಲೆವ್ಸ್ಕಿ ಅನ್ನೋ ಪೋಲಿಷ್ ನಾಯಕ. ಕ್ರಿಮಿಯನ್ ಅಂಗಳದ ಹತ್ತಿರ ನದಿ ದಾಟಿ ಪಕ್ಕೆಗೆ ಹೊಡೆದ. ಅದನ್ನು ಕಂಡು ಪೊದೆಯಲ್ಲಿದ್ದವರೂ ಎದ್ದರು. ಗಾಡಿಗಳನ್ನು ಕಳಕೊಂಡು ಖೊದ್ಕೆವಿಚ್ ಹಿಂದಿರುಗಿದ.

ನಾಲ್ಕು ತಿಂಗಳ ತಯಾರಿಯಲ್ಲಿ ಇದ್ಯಾವುದೂ ಬರೆದಿರಲಿಲ್ಲ. ಗೆಲ್ಲಿಸಿದ್ದು ಅಪ್ಪಣೆ ಮೀರಿದವರು, ಆಮೇಲೆ ಒಬ್ಬ ವ್ಯಾಪಾರಿ.

ತುಂಗಾತೀರ:

ಎಲ್ಲರೂ ಸೇರಿ ತ್ರುಬೆತ್ಸ್ಕೋಯ್‌ನ ಚರ್ಮ ಸುಲೀತಿದ್ದೀರಲ್ಲ ಮಾರಾಯ್ರೆ, ಸ್ವಲ್ಪ ತಡೀರಿ.

1611ರ ವಸಂತದಿಂದ 1612ರ ಆಗಸ್ಟ್‌ವರೆಗೆ, ಹತ್ತಿರ ಹತ್ತಿರ ಒಂದೂವರೆ ವರ್ಷ, ಮಾಸ್ಕೋ ಸುತ್ತ ಮುತ್ತಿಗೆ ಹಾಕಿ ಕೂತದ್ದು ಯಾರು? ಹೊಟ್ಟೆಗಿಲ್ಲ, ಬಟ್ಟೆಗಿಲ್ಲ, ಸಂಬಳವಂತೂ ಕೇಳಲೇಬೇಡಿ. ಕ್ರೆಮ್ಲಿನ್ ಒಳಗಿನವರು ಹಸಿದದ್ದು ಇವರು ಹೊರಗೆ ಹಸಿದುಕೊಂಡು ನಿಂತಿದ್ದರಿಂದ. ಅಷ್ಟು ದಿನ ಆದಮೇಲೆ ಉಂಡು ಉಟ್ಟು, ಹೊಸ ಕುದುರೆ ಏರಿ ಬಂದವರನ್ನು ನೋಡಿದರೆ ಯಾರಿಗಾದರೂ ಉರಿಯೋದಿಲ್ವಾ? ಕೊಸಾಕರ ಜೊತೆ ಇರಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದು ಪೊಝಾರ್ಸ್ಕಿ.

ಇಪ್ಪತ್ನಾಲ್ಕಕ್ಕೆ ಅದೇ ಕೊಸಾಕರು ಮತ್ತೆ ಕಾಳಗಕ್ಕೆ ಇಳಿದರಲ್ಲ, ಅದು ಪಾಲಿತ್ಸಿನ್ ಬಂದು ಕೈಮುಗಿದು ಕೇಳಿದ್ದಕ್ಕೆ. ಆಮೇಲೆ ಅವರಿಗೆ ಕೊಡೋಕೆ ಮಠದಲ್ಲಿ ದುಡ್ಡಿರಲಿಲ್ಲ, ಪೂಜಾ ವಸ್ತ್ರಗಳನ್ನೇ ಅಡವು ಅಂತ ಕಳಿಸಿದರು, ಸಾವಿರ ರೂಬಲ್‌ಗೆ. ಮುತ್ತು ಪೋಣಿಸಿದ ಜರಿ ಬಟ್ಟೆ. ಈ 'ದರೋಡೆಕೋರರು' ಏನು ಮಾಡಿದರು? ಮುಟ್ಟಲಿಲ್ಲ. ಹಾಗೇ ವಾಪಸ್ ಕಳಿಸಿದರು, ದುಡ್ಡಿಲ್ಲದಿದ್ದರೂ ಮಾಸ್ಕೋ ಬಿಟ್ಟು ಹೋಗಲ್ಲ ಅಂತ ಮಾತೂ ಕೊಟ್ಟರು. ಈ ಸಂಗತಿಯನ್ನು ಪೊಝಾರ್ಸ್ಕಿ ಭಕ್ತರು ಯಾಕೋ ಹೇಳೋದಿಲ್ಲ.

ನಿರ್ವಾಹಕ:

ಇಂದಿನ ಯುದ್ಧದ ಬಗ್ಗೆ ಬಂದ ಏಳು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ 1612.

ಹಳೇಪುಟ:

ತುಂಗಾತೀರ ಅವರ ಮಾತಲ್ಲಿ ತೂಕವಿದೆ. ನಾನು ತಿದ್ದಿಕೊಳ್ಳುತ್ತೇನೆ: ಮುತ್ತಿಗೆ ತ್ರುಬೆತ್ಸ್ಕೋಯ್‌ದು.

ಆದರೆ ಕಾಳಗ ಮುಗಿದ ಮೇಲೂ ನೋಡಿ. ತ್ರುಬೆತ್ಸ್ಕೋಯ್ ಬೋಯಾರ್ ದರ್ಜೆಯವನು, ಆ ದರ್ಜೆ ಕೊಟ್ಟದ್ದು ತುಶಿನೊದ ನಕಲಿ ಝಾರ್! ಪೊಝಾರ್ಸ್ಕಿ ಅದಕ್ಕಿಂತ ಎಷ್ಟೋ ಮೆಟ್ಟಿಲು ಕೆಳಗಿನ ದರ್ಜೆಯವನು. ಸಮಾಲೋಚನೆಗೆ ನೀನೇ ನನ್ನ ಬಿಡಾರಕ್ಕೆ ಬಾ ಅಂತ ಅವನು, ಬಂದರೆ ಕಡಿದು ಹಾಕುತ್ತಾರೆ ಅಂತ ಇವನು. ಒಳಗೆ ಶತ್ರು ಹಸಿವಿನಿಂದ ಸಾಯುತ್ತಿದ್ದಾನೆ, ಹೊರಗೆ ಇವರು ಯಾರು ಯಾರ ಮನೆಗೆ ಹೋಗಬೇಕು ಅಂತ ಒಂದು ತಿಂಗಳು ಕಳೆದರು. ಕೊನೆಗೆ ಎರಡೂ ಬಿಡಾರದ ನಡುವೆ ನೆಗ್ಲಿನ್ನಾಯ ಹೊಳೆಯ ದಂಡೆಯಲ್ಲಿ ಸೇರೋಣ ಅಂತ ರಾಜಿ. ಜಂಟಿ ಓಲೆಗಳಲ್ಲಿ ತ್ರುಬೆತ್ಸ್ಕೋಯ್ ಹೆಸರು ಮೊದಲು. ಪೊಝಾರ್ಸ್ಕಿ ಅದಕ್ಕೂ ಹೂಂ ಅಂದ.

ಸೆಪ್ಟೆಂಬರಿನಲ್ಲಿ ಒಳಗಿನವರಿಗೆ ಅವನು ಪತ್ರ ಬರೆದ: ಶರಣಾಗಿ, ಜೀವಕ್ಕೆ ನಾನು ಹೊಣೆ. ಬಂದ ಉತ್ತರದಲ್ಲಿ ಬರೀ ಲೇವಡಿ. ನಿನ್ನ ಜನರನ್ನು ನೇಗಿಲಿಗೆ ವಾಪಸ್ ಕಳಿಸು, ಜೀತದಾಳು ಹೊಲ ಉಳಲಿ, ಪಾದ್ರಿ ಚರ್ಚು ನೋಡಿಕೊಳ್ಳಲಿ, ಕುಝ್ಮಾ ತನ್ನ ಅಂಗಡಿ ನೋಡಿಕೊಳ್ಳಲಿ ಅಂತ. ಇದನ್ನು ಬರೆದವರು ಕೆಲವೇ ವಾರಗಳಲ್ಲಿ ಒಬ್ಬರನ್ನೊಬ್ಬರು ತಿನ್ನುವ ಸ್ಥಿತಿಗೆ ಬಂದರು. ಅವರದೇ ಕರ್ನಲ್ ಬುಡ್ಜಿಲೊ ದಿನಚರಿಯಲ್ಲಿ ದಾಖಲಿಸಿದ್ದಾನೆ.

ಅಕ್ಟೋಬರ್ 22ಕ್ಕೆ ಕಿತಾಯ್ ಗೊರೊದ್, ಅಂದರೆ ಕ್ರೆಮ್ಲಿನ್ ಪಕ್ಕದ ಗೋಡೆ ಸುತ್ತಿದ ಪೇಟೆ, ಬಿತ್ತು, ನಾಲ್ಕೈದು ದಿನಕ್ಕೆ ಕ್ರೆಮ್ಲಿನ್ ಶರಣಾಯಿತು. ಪೊಝಾರ್ಸ್ಕಿ ಕಡೆ ಶರಣಾದವರು ಬಹುಪಾಲು ಉಳಿದರು. ತ್ರುಬೆತ್ಸ್ಕೋಯ್ ಬಿಡಾರಕ್ಕೆ ಬಿದ್ದವರನ್ನು ಕೊಸಾಕರು ಹೆಚ್ಚುಕಡಿಮೆ ಎಲ್ಲರನ್ನೂ ಕೊಂದರು. ತುಂಗಾತೀರ, ಇದನ್ನೂ ತಕ್ಕಡಿಗೆ ಹಾಕಿ.

ಒಳಗಿಂದ ಬೋಯಾರರೂ ಹೊರಬಂದರು, ಬಾಗಿಲು ತೆರೆದುಕೊಟ್ಟಿದ್ದ ಅದೇ ದೊಡ್ಡವರು. ಕೊಸಾಕರು ಸುಲಿಯೋಕೆ ಕಾದಿದ್ದರು, ಪೊಝಾರ್ಸ್ಕಿ ಅಡ್ಡ ನಿಂತು ಮರ್ಯಾದೆಯಿಂದ ಕಳಿಸಿಕೊಟ್ಟ. ಆ ಗುಂಪಿನಲ್ಲಿ ತಾಯಿಯ ಜೊತೆ ಒಬ್ಬ ಹದಿನಾರು ವರ್ಷದ ಹುಡುಗ ಇದ್ದ. ಮಿಖಾಯಿಲ್ ರೊಮಾನೋವ್.

ಜವಾರಿಮಂದಿ:

ಅಯ್ಯೋ, ಮುತ್ತಿಗಿ ಒಳಗಿದ್ದ ಹುಡುಗನ ಮುಂದ ಝಾರ್ ಆದ? ಹೊರಗಿದ್ದವರು ಬಾಯಿ ಬಾಯಿ ಬಿಟ್ಕೊಂಡು ನೋಡಿದ್ರು?

ವೋಲ್ಗಾದಂಡೆ:

ಹಾಗೇ ಆಯಿತು. 1613ರ ಆರಂಭದಲ್ಲಿ ನಾಡಸಭೆ ಸೇರಿತು. ತ್ರುಬೆತ್ಸ್ಕೋಯ್‌ಗೆ ಸಿಂಹಾಸನದ ಆಸೆ ಬಲವಾಗಿತ್ತು. ಕೊಸಾಕರನ್ನು ಕರೆದು ಒಂದೂವರೆ ತಿಂಗಳು ಊಟ ಹಾಕಿಸಿದ ಅಂತ ಆ ಸಭೆಯ ಬಗೆಗಿನ ಕಥನವೊಂದು ಹೇಳುತ್ತೆ. ಕೊಸಾಕರು ಉಂಡರು, ಹೊಗಳಿದರು, ಆಮೇಲೆ ಮಿಖಾಯಿಲ್ ಹೆಸರು ಕೂಗಿದರು. ತ್ರುಬೆತ್ಸ್ಕೋಯ್‌ನ ಮುಖ ದುಃಖಕ್ಕೆ ಕಪ್ಪಿಟ್ಟಿತು, ಮೂರು ತಿಂಗಳು ಹಾಸಿಗೆ ಹಿಡಿದ ಅಂತ ಅದೇ ಕಥನದಲ್ಲಿದೆ. ಪೊಝಾರ್ಸ್ಕಿಯೂ ಪಟ್ಟಕ್ಕೆ ಆಸೆಪಟ್ಟು ದುಡ್ಡು ಸುರಿದ ಅಂತ ಎಷ್ಟೋ ವರ್ಷದ ಮೇಲೆ ಒಬ್ಬ ಜಗಳದಲ್ಲಿ ಆಪಾದಿಸಿದ. ಜಗಳದ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಡಿ.

ಜುಲೈ 11ಕ್ಕೆ ಪಟ್ಟಾಭಿಷೇಕ. ತ್ರುಬೆತ್ಸ್ಕೋಯ್ ರಾಜದಂಡ ಹಿಡಿದ, ಪೊಝಾರ್ಸ್ಕಿ ರಾಜಗೋಲ ಹಿಡಿದ. ಅವತ್ತೇ ಅವನಿಗೆ ಬೋಯಾರ್ ಪದವಿ. ಮರುದಿನ ಮಿನಿನ್‌ಗೆ ಆಸ್ಥಾನ ಸಭೆಯಲ್ಲಿ ಸ್ಥಾನ.

ಈಗ ಇದೇ ಎಳೆಯಲ್ಲಿ ಹೇಳಲೇಬೇಕಾದ್ದು. ಅದೇ ವರ್ಷ ಡಿಸೆಂಬರ್. ಝಾರ್‌ನ ತಾಯಿಯ ಕಡೆ ನೆಂಟ ಬೋರಿಸ್ ಸಲ್ತಿಕೋವ್‌ಗೆ ಬೋಯಾರ್ ಪದವಿ ಕೊಟ್ಟರು. ಅದನ್ನು ಸಭೆಯಲ್ಲಿ ಸಾರುವ ಕೆಲಸ ಪೊಝಾರ್ಸ್ಕಿಗೆ. ಸಾರುವವನು ಕೆಳಗಿನವನು ಅಂತ ಲೆಕ್ಕ. ಇವನು ಒಲ್ಲೆ ಅಂದ. ಹುಷಾರಿಲ್ಲ ಅಂತ ಮನೆಗೆ ಹೋಗಿ ಕೂತ. ಗುಮಾಸ್ತರು ಹಳೇ ಕಡತ ತೆಗೆದರು: ಯಾವ ಅಜ್ಜ ಯಾವ ದಂಡಿನಲ್ಲಿ ಯಾರ ಕೈಕೆಳಗೆ ಇದ್ದ ಅಂತ. ಪೊಝಾರ್ಸ್ಕಿಯ ನೆಂಟರು ಸಲ್ತಿಕೋವ್ ನೆಂಟರಿಗಿಂತ ಕೆಳಗಿದ್ದರು ಅಂತ ತೇಲಿತು. ಶಿಕ್ಷೆ: ಸಲ್ತಿಕೋವ್‌ಗೆ 'ತಲೆಯೊಪ್ಪಿಸುವುದು'. ಸೋತವನನ್ನು ಕುದುರೆ ಹತ್ತಲು ಬಿಡದೆ, ಸರ್ಕಾರಿ ಗುಮಾಸ್ತ ನಡೆಸಿಕೊಂಡು ಗೆದ್ದವನ ಅಂಗಳಕ್ಕೆ ಕರೆತಂದು ನಿಲ್ಲಿಸುತ್ತಾನೆ. ಕ್ರೆಮ್ಲಿನ್ ಬಿಡಿಸಿ ಒಂದು ವರ್ಷ, ಒಂದೂವರೆ ತಿಂಗಳು ಆಗಿತ್ತು.

ಜವಾರಿಮಂದಿ:

ನಮ್ಮೂರ ಜಾತ್ರ್ಯಾಗ ಮೊದಲ ತಾಂಬೂಲ ಯಾರಿಗೆ ಅಂತ ತಲಿ ಒಡಕೋತಾರಲ್ಲ, ಅದೇ ಆತು. ಅಲ್ಲಿ ನಿಂತು ಅವ ಏನ್ ಮಾಡಬೇಕ್ರಿ? ಕಾಲಿಗೆ ಬೀಳಬೇಕ?

ವೋಲ್ಗಾದಂಡೆ:

ಆ ಪದ್ಧತಿಯ ತಮಾಷೆಯೇ ಅದು. ನಿಂತವನು ಬಾಯಿಗೆ ಬಂದಂತೆ ಬೈಯಬಹುದಿತ್ತಂತೆ. ಮನೆ ಯಜಮಾನ ಬಾಯಿ ಮುಚ್ಚಿಕೊಂಡು ಕೇಳಬೇಕು, ತಿರುಗಿ ಏನೂ ಮಾಡುವ ಹಾಗಿಲ್ಲ. ಈ ಹುಚ್ಚು 1682ರವರೆಗೂ ನಡೆಯಿತು, ಆಮೇಲೆ ಆ ಕಡತಗಳನ್ನೇ ರಾಶಿ ಹಾಕಿ ಸುಟ್ಟರು.

ತುಂಗಾತೀರ:

ಅಂದ್ರೆ ಓಲೆಯಲ್ಲಿ ಹತ್ತನೇ ಸ್ಥಾನಕ್ಕೆ ತಕರಾರು ಮಾಡದವನು, ತ್ರುಬೆತ್ಸ್ಕೋಯ್ ಹೆಸರು ಮೊದಲು ಅಂದರೂ ಸುಮ್ಮನಿದ್ದವನು, ಸಲ್ತಿಕೋವ್ ವಿಷಯಕ್ಕೆ ಜಗಳಕ್ಕೆ ನಿಂತ. ನನಗೆ ಇಲ್ಲಿ ಮೊದಲ ಸಲ ಈ ಮನುಷ್ಯ ಇಷ್ಟವಾದ. ಅಷ್ಟು ಹೊತ್ತು ನುಂಗಿಕೊಂಡಿದ್ದ ಅಂತ ಆಯ್ತಲ್ಲ.

ಲೆಕ್ಕಿಗ:

ನವೆಂಬರ್ 4 ರಷ್ಯಾದಲ್ಲಿ ರಜೆ, ಕ್ರೆಮ್ಲಿನ್ ಬಿಡಿಸಿದ ದಿನ ಅಂತ ಪೇಪರಿನಲ್ಲಿ ಓದಿದ ನೆನಪು. ಇಲ್ಲಿ ಅಕ್ಟೋಬರ್ 22 ಅಂತೀರಿ. ಲೆಕ್ಕ ತಾಳೆ ಆಗ್ತಿಲ್ಲ.

ವೋಲ್ಗಾದಂಡೆ:

ಲೆಕ್ಕಿಗರ ಕಣ್ಣು ತಪ್ಪಿಸೋಕಾಗಲ್ಲ. ಅಕ್ಟೋಬರ್ 22ಕ್ಕೆ ಬಿದ್ದದ್ದು ಕಿತಾಯ್ ಗೊರೊದ್, ಕ್ರೆಮ್ಲಿನ್ ಅಲ್ಲ. ಆ ಶತಮಾನದಲ್ಲಿ ಎರಡು ಪಂಚಾಂಗಕ್ಕೆ ಹತ್ತು ದಿನದ ಅಂತರ, ಅಂದರೆ ನಿಜಕ್ಕೆ ಅದು ನವೆಂಬರ್ 1. ಆದರೆ ಕಝಾನ್ ಮಾತೆಯ ಚರ್ಚ್ ಹಬ್ಬವೂ ಅಕ್ಟೋಬರ್ 22ಕ್ಕೆ ಬರುತ್ತೆ, ಈಗಿನ ಹದಿಮೂರು ದಿನದ ಅಂತರಕ್ಕೆ ಅದು ನವೆಂಬರ್ 4. 2005ರಿಂದ ಆ ದಿನ ರಜೆ. ಕ್ರಾಂತಿಯ ನವೆಂಬರ್ 7ರ ರಜೆ ಹೋಯಿತು, ಅದರ ಜಾಗಕ್ಕೆ ಇದು ಬಂತು. ನಮಗೆ ಎರಡು ದಿನ ಕಾಲೇಜು ಇಲ್ಲದಿದ್ದರೆ ಸಾಕಾಗಿತ್ತು.

ಇನ್ನೊಂದು: ಹಾಸ್ಟೆಲ್ ಕ್ಯಾಂಟೀನಿನಲ್ಲಿ 'ಪೊಝಾರ್ಸ್ಕಿ ಕಟ್ಲೆಟ್' ಸಿಗುತ್ತಿತ್ತು. ಈ ದೊರೆಗೂ ಅದಕ್ಕೂ ಸಂಬಂಧವಿಲ್ಲ, ತೊರ್ಝೊಕ್‌ನಲ್ಲಿ ಛತ್ರ ನಡೆಸುತ್ತಿದ್ದ ಪೊಝಾರ್ಸ್ಕಿ ಕುಟುಂಬದ್ದು. ಜೂನಿಯರ್‌ಗಳಿಗೆ ನಾವು ಬೇರೆ ಕಥೆ ಹೇಳುತ್ತಿದ್ದೆವು.

ಚದುರಂಗ64:

ಎಲ್ಲ ಸರಿ, ಆದರೆ ನನ್ನ ಮೊದಲ ಆಕ್ಷೇಪ ಬಿಟ್ಟಿಲ್ಲ. 1632ರಿಂದ 34ರ ಸ್ಮೊಲೆನ್ಸ್ಕ್ ಯುದ್ಧ ನೋಡಿ. ರಷ್ಯಾದ ಸೇನಾಪತಿ ಶೇಯಿನ್ ಸ್ಮೊಲೆನ್ಸ್ಕ್ ಹತ್ತಿರ ಪೋಲರ ನಡುವೆ ಸಿಕ್ಕಿಕೊಂಡಿದ್ದಾನೆ. ನೆರವಿಗೆ ಮೊಝಾಯ್ಸ್ಕ್‌ನಲ್ಲಿ ದಂಡು ಕಟ್ಟೋಕೆ ಹೇಳಿದ್ದು ಯಾರಿಗೆ? ಚೆರ್ಕಾಸ್ಕಿಗೆ ಮತ್ತು ನಮ್ಮ ಪೊಝಾರ್ಸ್ಕಿಗೆ. ಮತ್ತೆ ಜನ ಕೂಡಿಸು, ಮತ್ತೆ ಕಾಯಿ. 1634ರ ಫೆಬ್ರವರಿಯಲ್ಲಿ ಶೇಯಿನ್ ಶರಣಾದ, ಮಾಸ್ಕೋಗೆ ಬಂದವನ ತಲೆ ಕಡಿದರು. ಕಾಯುವುದೇ ಜಾಣತನ ಅಂದರೆ ಇಲ್ಲೇನಾಯ್ತು?

ಲೆಕ್ಕಿಗ:

ಆ ಯುದ್ಧಕ್ಕೂ ಐದನೇ ಪಾಲು ಎತ್ತೋಕೆ ಪೊಝಾರ್ಸ್ಕಿಯನ್ನೇ ಹಾಕಿದ್ದರು. ಆದರೆ 1612ರಲ್ಲಿ ದುಡ್ಡು, ದಂಡು, ಓಲೆ, ಮುದ್ರೆ ಎಲ್ಲ ಒಂದೇ ಕೈಯಲ್ಲಿತ್ತು. ಇಪ್ಪತ್ತು ವರ್ಷದ ಮೇಲೆ ಅವನು ಇಲಾಖೆಯ ಒಬ್ಬ ಅಧಿಕಾರಿ. ಹೊರಡು ಅಂತ ಮೇಲಿಂದ ಅಪ್ಪಣೆ ಬರಬೇಕು. ಮಿನಿನ್ ಅಂತೂ 1616ರಲ್ಲೇ ತೀರಿಕೊಂಡಿದ್ದ. ವಸೂಲಿ ಅದೇ, ವಸೂಲಿ ಮಾಡುವವನು ಬೇರೆ.

ಹಳೇಪುಟ:

ಚದುರಂಗ, ಮೊಝಾಯ್ಸ್ಕ್‌ಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಲೆಕ್ಕಿಗರದ್ದೇ ನನ್ನದೂ ಅಂತ ಇಟ್ಟುಕೊಳ್ಳಿ. ಯಾರೋಸ್ಲಾವ್ಲ್ ವಾದ ನಾನು ಬಿಡಲ್ಲ.

ಅವನು 1642ರಲ್ಲಿ ಸತ್ತ, ಸುಜ್ದಾಲ್‌ನ ಮಠದಲ್ಲಿ ಹಿರಿಯರ ಪಕ್ಕ ಮಣ್ಣು ಮಾಡಿದರು. ನೀವು ಬೈದಿರಲ್ಲ, ದಾರಿ ಬಿಟ್ಟು ಗೋರಿ ನೋಡೋಕೆ ಹೋದ ಅಂತ, ಅದೇ ಜಾಗ. ಮುಂದಿನ ಶತಮಾನದಲ್ಲಿ ಮಠದವರೇ ಆ ಗೋರಿ ಗುಡಿಯನ್ನು ಕೆಡವಿದರು, ಜಾಗವೇ ಮರೆತುಹೋಯಿತು. 1852ರಲ್ಲಿ ಅಗೆದು ಹುಡುಕಿದರು. 1885ರಲ್ಲಿ ಅಮೃತಶಿಲೆಯ ಮಂಟಪ ಕಟ್ಟಿದರು, 1933ರಲ್ಲಿ ಸೋವಿಯತ್‌ನವರು ಒಡೆದರು. ಎಂಟೇ ವರ್ಷ: 1941ರ ನವೆಂಬರ್ 7ಕ್ಕೆ ಜರ್ಮನ್ನರು ಮಾಸ್ಕೋ ಹತ್ತಿರ ಬಂದಿದ್ದಾಗ ಸ್ಟಾಲಿನ್ ಕೆಂಪು ಚೌಕದ ಭಾಷಣದಲ್ಲಿ ಸೈನಿಕರಿಗೆ ಸ್ಫೂರ್ತಿ ಅಂತ ಕರೆದ ಹೆಸರುಗಳಲ್ಲಿ ಮಿನಿನ್, ಪೊಝಾರ್ಸ್ಕಿ ಇಬ್ಬರೂ ಇದ್ದರು. 2009ರಲ್ಲಿ ಮಂಟಪ ಮತ್ತೆ ಎದ್ದಿತು.

ವೋಲ್ಗಾದಂಡೆ:

ಕೆಂಪು ಚೌಕದ ಪ್ರತಿಮೆಯನ್ನು ನೋಡಿದವರು ಗಮನಿಸಿ. ಮಾರ್ತೊಸ್ ಮಾಡಿದ್ದು, 1818ರದ್ದು. ಮಿನಿನ್ ಎದ್ದು ನಿಂತು ಕೈ ಚಾಚಿ ದಾರಿ ತೋರಿಸುತ್ತಿದ್ದಾನೆ. ಪೊಝಾರ್ಸ್ಕಿ ಕೂತಿದ್ದಾನೆ, ಗಾಯದಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವವನ ಹಾಗೆ, ಒಂದು ಕೈ ಗುರಾಣಿ ಮೇಲೆ. ಕೆಳಗಿನ ಬರಹದಲ್ಲಿ ಮೊದಲ ಹೆಸರು ನಾಗರಿಕ ಮಿನಿನ್‌ದು. ಆಮೇಲೆ ರಾಜಕುಮಾರ ಪೊಝಾರ್ಸ್ಕಿ.

ಜವಾರಿಮಂದಿ:

ಮತ್ತ ತ್ರುಬೆತ್ಸ್ಕೋಯ್ ಹೆಸರು?

ವೋಲ್ಗಾದಂಡೆ:

ಆ ಕಲ್ಲಿನ ಮೇಲೆ ಇಲ್ಲ. 1625ರಲ್ಲಿ ಸೈಬೀರಿಯಾದ ತೊಬೋಲ್ಸ್ಕ್‌ನಲ್ಲಿ ರಾಜ್ಯಪಾಲನಾಗಿದ್ದಾಗ ತೀರಿಕೊಂಡ.

ತುಂಗಾತೀರ:

ಒಂದೂವರೆ ವರ್ಷದ ಮುತ್ತಿಗೆ, ಒಂದೂವರೆ ತಿಂಗಳ ಊಟ, ಕೊನೆಗೆ ತೊಬೋಲ್ಸ್ಕ್. ಅವನ ಮೇಲೆ ಬೇರೆ ಎಳೆ ತೆಗೀತೀನಿ ಮಾರಾಯ್ರೆ, ಅಲ್ಲಿಗೆ ಬನ್ನಿ.